ಪ್ರತಿಕಾಯ ಹುಟ್ಟಿದರೆ ಸಾಲದು, ಹುಟ್ಟಿಸುವ ಕೋಶ ಉಳಿಯಬೇಕು: ತೋಟದ ಕೆರೆಯ ಮೀನಿನೊಳಗಿನ ಬಿ ಕೋಶ ಮತ್ತು ಬ್ಯಾಫ್ ಪ್ರೋಟೀನು

ತುಲಾ ಸಂಕ್ರಮಣ ಕಳೆದು ಹುತ್ತರಿ ಹತ್ತಿರವಾಗುವ ದಿನಗಳಲ್ಲಿ ಕೊಡಗಿನ ತೋಟದ ಕೆರೆಗಳಿಗೆ ಒಂದು ಕಾಯಿಲೆಯ ಭಯ ಇದ್ದೇ ಇರುತ್ತದೆ. ಮಳೆಗಾಲವಿಡೀ ಚೆನ್ನಾಗಿ ಮೇದ ಮೃಗಾಲ್, ಕಾಟ್ಲಾಗಳ ಮೈಮೇಲೆ ಮೊದಲು ಕೆಂಪು ಚುಕ್ಕೆ ಏಳುತ್ತದೆ. ನೋಡನೋಡುತ್ತ ಅದು ಮಾಂಸ ಕಾಣುವಷ್ಟು ಆಳದ ಹುಣ್ಣಾಗುತ್ತದೆ. ಆಗ ಮೀನು ಸಾಕುವವರು ಮೊದಲು ಕೇಳುವುದು ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿಯನ್ನು. ಅಂಥ ಪುಡಿಗಳನ್ನು ಮಾರುವಾಗ ‘ಪ್ರತಿಕಾಯ ಹೆಚ್ಚುತ್ತದೆ’ ಎಂಬ ಮಾತು ಸಲೀಸಾಗಿ ಬರುತ್ತದೆ.

ಪ್ರತಿಕಾಯ ಎಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಇಲ್ಲವೇ ಬೇರೆ ಕೋಶಗಳಿಗೆ ತೋರಿಸಿಕೊಡುವ ಪ್ರೋಟೀನು. ಅದನ್ನು ತಯಾರಿಸುವುದು ಬಿ ಕೋಶ ಎಂಬ ಬಿಳಿರಕ್ತಕಣ. ಮೀನಿನ ಮೈಯಲ್ಲಿ ಬಿ ಕೋಶಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಆದರೆ ಹುಟ್ಟಿದ್ದೆಲ್ಲ ಉಳಿಯುವುದಿಲ್ಲ. ಯಾವುದು ಉಳಿಯಬೇಕು, ಎಷ್ಟು ದಿನ ಉಳಿಯಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕೋಶಗಳ ನಡುವೆ ಓಡಾಡುವ ಕೆಲವು ಸಂಕೇತ ಪ್ರೋಟೀನುಗಳು. ಅವುಗಳಲ್ಲಿ ಬ್ಯಾಫ್ ಎಂಬುದು ಮುಖ್ಯ. ಅದರ ಕೆಲಸ ತಿಳಿದರೆ ಹುಣ್ಣಿನ ರೋಗ ಈ ಕಾಲದಲ್ಲೇ ಯಾಕೆ ಬರುತ್ತದೆ, ಪುಡಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ತಿಳಿಯುತ್ತದೆ.

ಮೀನು ಕೊಯ್ದಾಗ ಕಣ್ಣಿಗೆ ಬೀಳುವ ಕಾರ್ಖಾನೆ

ಒಂದು ಕಿಲೋ ತೂಗುವ ರೋಹುವಿನ ಹೊಟ್ಟೆ ಸೀಳಿ ಕರುಳು, ಗಾಳಿಚೀಲ ತೆಗೆದ ಮೇಲೆ ಬೆನ್ನುಮೂಳೆಗೆ ಅಂಟಿಕೊಂಡ ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ. ರಕ್ತ ಹೆಪ್ಪುಗಟ್ಟಿದೆ ಎಂದುಕೊಂಡು ಅದನ್ನು ಬೆರಳಿನಿಂದ ಕೆರೆದು ತೊಳೆದುಬಿಡುತ್ತೇವೆ. ಅದು ರಕ್ತದ ಗಡ್ಡೆಯಲ್ಲ, ಮೀನಿನ ಮೂತ್ರಪಿಂಡ. ಹಿಂದಿನ ಭಾಗ ಮೂತ್ರ ಸೋಸುತ್ತದೆ. ಕಿವಿರಿನ ಹಿಂದೆಯೇ, ತಲೆಯ ಬುಡದಲ್ಲಿ ಸ್ವಲ್ಪ ಉಬ್ಬಿಕೊಂಡಿರುವ ಮುಂಭಾಗಕ್ಕೆ ಸೋಸುವ ಕೆಲಸವಿಲ್ಲ. ಅದಕ್ಕೆ ತಲೆ ಮೂತ್ರಪಿಂಡ ಎಂದು ಹೆಸರು. ಮನುಷ್ಯರಲ್ಲಿ ಮೂಳೆಯೊಳಗಿನ ಮಜ್ಜೆ ಮಾಡುವ ಕೆಲಸವನ್ನು ಮೀನಿನಲ್ಲಿ ಇದು ಮಾಡುತ್ತದೆ. ಬಿ ಕೋಶಗಳು ಹುಟ್ಟುವುದು ಇಲ್ಲೇ.

ಕರುಳಿನ ಮಗ್ಗುಲಲ್ಲಿ ಸಣ್ಣದಾಗಿ, ಕಪ್ಪುಗೆಂಪಾಗಿ ಇರುವುದು ಗುಲ್ಮ. ಹೊಸ ಬಿ ಕೋಶಗಳು ರೋಗಾಣುವಿನ ತುಣುಕುಗಳನ್ನು ಎದುರಿಸುವ ಮುಖ್ಯ ಜಾಗ ಅದು. ನಮ್ಮ ಕಂಕುಳು, ಕುತ್ತಿಗೆಗಳಲ್ಲಿ ಸೋಂಕು ಬಂದಾಗ ಊದಿಕೊಳ್ಳುವಂಥ ದುಗ್ಧಗ್ರಂಥಿಗಳು ಮೀನಿಗೆ ಇಲ್ಲ. ಸಸ್ತನಿಗಳಲ್ಲಿ ಆ ಗ್ರಂಥಿಗಳೊಳಗೆ ಬಿ ಕೋಶಗಳು ಗುಂಪುಗೂಡಿ, ಪೈಪೋಟಿ ನಡೆಸಿ, ದಿನದಿಂದ ದಿನಕ್ಕೆ ಹೆಚ್ಚು ಬಿಗಿಯಾಗಿ ಅಂಟುವ ಪ್ರತಿಕಾಯವನ್ನು ತಯಾರಿಸಲು ಕಲಿಯುತ್ತವೆ. ಮೀನಿನಲ್ಲಿ ಇಂಥ ವ್ಯವಸ್ಥೆಯೇ ಇಲ್ಲ ಎಂದು ಬಹುಕಾಲ ನಂಬಲಾಗಿತ್ತು. 2023ರಲ್ಲಿ ಟ್ರೌಟ್ ಮೀನಿನ ಗುಲ್ಮದಲ್ಲಿ ಅದನ್ನು ಹೋಲುವ ಕೋಶಗುಂಪುಗಳು ಪತ್ತೆಯಾದವು. ಆದರೂ ಮೀನಿನ ಪ್ರತಿಕಾಯ ನಮ್ಮದರಷ್ಟು ಹರಿತವಾಗುವುದಿಲ್ಲ, ನೆನಪೂ ನಮ್ಮಷ್ಟು ಗಟ್ಟಿಯಲ್ಲ. ಹಾಗಾಗಿ ಮೀನಿನ ಮಟ್ಟಿಗೆ, ಒಮ್ಮೆ ರೋಗಾಣುವನ್ನು ಗುರುತಿಸಿದ ಬಿ ಕೋಶ ಎಷ್ಟು ದಿನ ಜೀವಂತ ಇರುತ್ತದೆ ಎಂಬುದಕ್ಕೆ ಹೆಚ್ಚು ತೂಕ.

ಮೀನಿನ ಪ್ರತಿಕಾಯಗಳಲ್ಲಿ ಎರಡನ್ನು ತಿಳಿದುಕೊಂಡರೆ ಸಾಕು. ರಕ್ತದಲ್ಲಿ ಹೆಚ್ಚಾಗಿರುವುದು ಐಜಿಎಂ. ನಮ್ಮಲ್ಲಿ ಅದರ ಐದು ಘಟಕ ಒಟ್ಟಿಗಿದ್ದರೆ ಮೀನಿನಲ್ಲಿ ನಾಲ್ಕು. ಇನ್ನೊಂದು ಐಜಿಟಿ. ಅದು ಪತ್ತೆಯಾದದ್ದು 2005ರಲ್ಲಿ. ಕರುಳು, ಕಿವಿರು, ಚರ್ಮದ ಮೇಲಿನ ಲೋಳೆಯಲ್ಲಿ ಅದರ ಕೆಲಸ ಹೆಚ್ಚು. ಹಿಡಿದಾಗ ಕೈಯಿಂದ ಜಾರುವಂತೆ ಮಾಡುವ ಆ ಲೋಳೆಯಲ್ಲೇ ಮೀನಿನ ಮೊದಲ ಸಾಲಿನ ಪ್ರತಿಕಾಯ ಇದೆ. ಒರಟು ಬಲೆಯಲ್ಲಿ ತಿಕ್ಕಿ ಹೋದ ಮೀನಿಗೆ ಹುಣ್ಣು ಬೇಗ ಬರುವುದಕ್ಕೆ ಲೋಳೆ ಹರಿದದ್ದೂ ಒಂದು ಕಾರಣ.

ಮೀನಿನ ಬಿ ಕೋಶಕ್ಕೆ ಇನ್ನೊಂದು ವಿಶೇಷವೂ ಇದೆ. ಅದು ಬ್ಯಾಕ್ಟೀರಿಯಾವನ್ನು ನೇರವಾಗಿ ನುಂಗಿ ಕೊಲ್ಲಬಲ್ಲದು ಎಂದು 2006ರಲ್ಲಿ ಟ್ರೌಟ್‌ನಲ್ಲಿ ತೋರಿಸಲಾಯಿತು. ಅಂದರೆ ಬಿ ಕೋಶ ಸತ್ತರೆ ಮೀನು ಪ್ರತಿಕಾಯದ ಜೊತೆಗೆ ನುಂಗುವ ಕೋಶಗಳನ್ನೂ ಕಳೆದುಕೊಳ್ಳುತ್ತದೆ.

ಸಾಯುವುದೇ ನಿಯಮ, ಬದುಕುವುದು ಅಪವಾದ

ಬಿ ಕೋಶದೊಳಗೆ ತನ್ನನ್ನು ತಾನೇ ಕಳಚಿಹಾಕಿಕೊಳ್ಳುವ ಏರ್ಪಾಡು ಹುಟ್ಟಿನಿಂದಲೇ ಇದೆ. ಇದಕ್ಕೆ ಅಪಾಪ್ಟೋಸಿಸ್ ಎನ್ನುತ್ತಾರೆ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಹೊರಪದರ ಸೋರತೊಡಗಿದರೆ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚೆತ್ತು ಪ್ರೋಟೀನುಗಳನ್ನು ತುಂಡರಿಸುತ್ತವೆ, ಕೋಶ ಸದ್ದಿಲ್ಲದೆ ಕುಗ್ಗಿ ಚೂರಾಗುತ್ತದೆ, ಪಕ್ಕದ ಕೋಶಗಳು ಆ ಚೂರುಗಳನ್ನು ನುಂಗುತ್ತವೆ. ಬಿಸಿಎಲ್-2 ಬಳಗದ ಪ್ರೋಟೀನುಗಳಲ್ಲಿ ಕೆಲವು ಈ ಸೋರಿಕೆಯನ್ನು ತಡೆಯುತ್ತವೆ, ಕೆಲವು ಸೋರುವಂತೆ ಮಾಡುತ್ತವೆ. ಬದುಕು-ಸಾವು ನಿಂತಿರುವುದು ಆ ಎರಡು ಬಣಗಳ ನಡುವಿನ ಪ್ರಮಾಣದ ಮೇಲೆ.

ಹೊರಗಿನಿಂದ ‘ಬದುಕು’ ಎಂಬ ಸಂಕೇತ ಬರುತ್ತಲೇ ಇದ್ದರೆ ತಡೆಯುವ ಬಣ ಗೆಲ್ಲುತ್ತದೆ. ಸಂಕೇತ ನಿಂತರೆ ಕೋಶವನ್ನು ಯಾರೂ ಕೊಲ್ಲಬೇಕಾಗಿಲ್ಲ, ಅದೇ ಸಾಯುತ್ತದೆ. ದೇಹದಿಂದ ತೆಗೆದು ಬರೀ ಪೋಷಕ ದ್ರಾವಣದಲ್ಲಿಟ್ಟ ಬಿ ಕೋಶಗಳು ಕೆಲವೇ ದಿನಗಳಲ್ಲಿ ನಾಶವಾಗುವುದು ಇದಕ್ಕೇ. ಆಹಾರ ಕಡಿಮೆಯಾಗಿ ಅಲ್ಲ, ಸಂಕೇತ ಇಲ್ಲದೆ.

ಇಷ್ಟು ಕಟುವಾದ ನಿಯಮ ಯಾಕೆ? ಬಿ ಕೋಶಗಳು ಹುಟ್ಟುವಾಗ ಪ್ರತಿಯೊಂದೂ ಬೇರೆ ಬೇರೆ ಆಕಾರದ ಪ್ರತಿಕಾಯವನ್ನು ತೊಟ್ಟು ಬರುತ್ತದೆ. ಅವುಗಳಲ್ಲಿ ಕೆಲವು ಸ್ವಂತ ದೇಹಕ್ಕೇ ಅಂಟುವಂಥವು. ಎಲ್ಲವನ್ನೂ ಉಳಿಸಿಕೊಂಡರೆ ದೇಹ ತನ್ನ ಮೇಲೇ ದಾಳಿ ಮಾಡಿಕೊಳ್ಳುತ್ತದೆ. ಜೊತೆಗೆ ಕೋಶಗಳ ಸಂಖ್ಯೆಗೆ ಒಂದು ಮಿತಿಯೂ ಬೇಕು.

ಬ್ಯಾಫ್ ಮತ್ತು ಅದರ ಒಡಹುಟ್ಟುಗಳು

ಬ್ಯಾಫ್ ಎಂಬುದು ಬಿ ಸೆಲ್ ಆಕ್ಟಿವೇಟಿಂಗ್ ಫ್ಯಾಕ್ಟರ್ ಎಂಬುದರ ಚಿಕ್ಕ ಹೆಸರು. 1999ರಲ್ಲಿ ಹಲವು ತಂಡಗಳು ಬೇರೆ ಬೇರೆಯಾಗಿ ಇದನ್ನು ಪತ್ತೆಮಾಡಿದವು, ಆದ್ದರಿಂದ ಹಳೆಯ ಬರಹಗಳಲ್ಲಿ ಬ್ಲಿಸ್, ಟಾಲ್-1 ಎಂಬ ಹೆಸರುಗಳೂ ಸಿಗುತ್ತವೆ. ಇದು ಟಿಎನ್‌ಎಫ್ ಎಂಬ ದೊಡ್ಡ ಪ್ರೋಟೀನು ಕುಟುಂಬಕ್ಕೆ ಸೇರಿದ್ದು. ಮ್ಯಾಕ್ರೊಫೇಜ್ ಎಂಬ ನುಂಗುವ ಕೋಶಗಳು, ಅಂಗಗಳ ಆಧಾರ ಕೋಶಗಳು ಮುಂತಾದವು ಇದನ್ನು ತಯಾರಿಸುತ್ತವೆ. ಮೊದಲು ಅದು ಆ ಕೋಶದ ಹೊರಮೈಗೆ ಅಂಟಿಕೊಂಡಿರುತ್ತದೆ. ಫ್ಯೂರಿನ್ ಎಂಬ ಕಿಣ್ವ ಬುಡದಲ್ಲಿ ಕತ್ತರಿಸಿದಾಗ ತುದಿಯ ಭಾಗ ಬಿಡಿಯಾಗಿ ಹರಿಯುತ್ತದೆ. ಮನುಷ್ಯರಲ್ಲಿ ಇಡೀ ಬ್ಯಾಫ್ 285 ಅಮೈನೊ ಆಮ್ಲಗಳ ಸರಪಳಿ, ಬಿಡಿಯಾಗಿ ಹರಿಯುವುದು ಕೊನೆಯ 152 ಮಾತ್ರ. ಮೂರು ಸರಪಳಿ ಒಂದಾಗಿ ಕೂಡಿದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಇದರ ಒಡಹುಟ್ಟು ಏಪ್ರಿಲ್ ಎಂಬ ಪ್ರೋಟೀನು. ಮೀನುಗಳಲ್ಲಿ ಮೂರನೆಯದೂ ಇದೆ. ಬ್ಯಾಫ್, ಏಪ್ರಿಲ್ ಎರಡನ್ನೂ ಹೋಲುವ ಕಾರಣಕ್ಕೆ ಅದಕ್ಕೆ ಬಾಮ್ ಎಂದು ಹೆಸರಿಟ್ಟಿದ್ದಾರೆ. ಮನುಷ್ಯರಲ್ಲಿ, ಇಲಿಗಳಲ್ಲಿ ಬಾಮ್ ಇಲ್ಲ. ಜೀಬ್ರಾಫಿಶ್, ಹುಲ್ಲುಗೆಂಡೆ, ತಿಲಾಪಿಯಾ, ಟ್ರೌಟ್ ಮುಂತಾದ ಹಲವು ಮೀನುಗಳಲ್ಲಿ ಬ್ಯಾಫ್ ವಂಶವಾಹಿ ಪತ್ತೆಯಾಗಿದೆ.

ಸಂಕೇತ ಹಿಡಿಯಲು ಬಿ ಕೋಶದ ಮೈಮೇಲೆ ಗ್ರಾಹಕಗಳು ಇರುತ್ತವೆ. ಅವು ಮೂರು: ಬ್ಯಾಫ್-ಆರ್, ಟಾಸಿ, ಬಿಸಿಎಂಎ. ಸಸ್ತನಿಗಳಲ್ಲಿ ಬ್ಯಾಫ್-ಆರ್‌ಗೆ ಬ್ಯಾಫ್ ಮಾತ್ರ ಅಂಟುತ್ತದೆ, ಉಳಿದೆರಡಕ್ಕೆ ಬ್ಯಾಫ್ ಮತ್ತು ಏಪ್ರಿಲ್ ಎರಡೂ. ಎಳೆಯ ಬಿ ಕೋಶಕ್ಕೆ ಮುಖ್ಯವಾಗಿ ಬೇಕಾದದ್ದು ಬ್ಯಾಫ್-ಆರ್ ದಾರಿ. ಪ್ರತಿಕಾಯ ಸುರಿಸುತ್ತ ಬಹುದಿನ ಬಾಳುವ ಹಿರಿಯ ಕೋಶಕ್ಕೆ ಬಿಸಿಎಂಎ ದಾರಿ ಮುಖ್ಯ. ಟಾಸಿ ಹಲವು ಕಡೆ ಕಡಿವಾಣದ ಕೆಲಸ ಮಾಡುತ್ತದೆ. ಟ್ರೌಟ್‌ನಲ್ಲಿ ಮೂರೂ ಗ್ರಾಹಕಗಳು ಸಿಕ್ಕಿವೆ.

ಬ್ಯಾಫ್‌ನ ಕೆಲಸವನ್ನು ತೋಟದ ಬಟವಾಡೆಗೆ ಹೋಲಿಸಬಹುದು. ಕೊಯ್ಲಿನ ಕಾಲದಲ್ಲಿ ಎಷ್ಟು ಜನ ಕೆಲಸಕ್ಕೆ ಬಂದರು ಎಂಬುದಕ್ಕಿಂತ ವಾರದ ಬಟವಾಡೆಗೆ ಎಷ್ಟು ಹಣ ಇದೆ ಎಂಬುದು ಎಷ್ಟು ಜನ ಉಳಿಯುತ್ತಾರೆ ಎಂಬುದನ್ನು ತೀರ್ಮಾನಿಸುತ್ತದೆ. ಹಣ ಕಡಿಮೆಯಾದರೆ ಜನ ಕಡಿಮೆಯಾಗುತ್ತಾರೆ, ಒಂದು ವಾರ ಕೊಟ್ಟರೆ ಮುಂದಿನ ವಾರಕ್ಕೂ ಅದೇ ಸಾಲುವುದಿಲ್ಲ. ಬ್ಯಾಫ್ ಕೂಡ ಒಮ್ಮೆ ಕೊಟ್ಟು ಮುಗಿಸುವಂಥದ್ದಲ್ಲ, ಬರುತ್ತಲೇ ಇರಬೇಕು. ದೇಹದಲ್ಲಿರುವ ಒಟ್ಟು ಬ್ಯಾಫ್ ಎಷ್ಟೋ ಅದಕ್ಕೆ ತಕ್ಕಷ್ಟೇ ಬಿ ಕೋಶಗಳು ನಿಲ್ಲುತ್ತವೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಯಾಕೆಂದರೆ ಸಂಕೇತ ಸಿಗದ ಕೋಶ ಬೇರೆ ತೋಟಕ್ಕೆ ಹೋಗುವುದಿಲ್ಲ, ಅಲ್ಲೇ ಕಳಚಿಹೋಗುತ್ತದೆ.

ಇದಕ್ಕೆ ಗಟ್ಟಿ ಸಾಕ್ಷಿ ಬಂದದ್ದು ಇಲಿಗಳಿಂದ. ಬ್ಯಾಫ್ ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳಲ್ಲಿ ಬಿ ಕೋಶಗಳು ಮಜ್ಜೆಯಲ್ಲಿ ಎಂದಿನಂತೆ ಹುಟ್ಟಿದವು, ಗುಲ್ಮಕ್ಕೆ ಬಂದವು, ಅಲ್ಲಿ ಬಲಿಯುವ ಮುನ್ನವೇ ಸತ್ತವು. ಹುಟ್ಟಿಗೂ ಉಳಿವಿಗೂ ಬೇರೆ ಬೇರೆ ಲೆಕ್ಕ ಎಂಬುದು 2001ರ ಆ ಪ್ರಯೋಗಗಳಿಂದ ಸ್ಪಷ್ಟವಾಯಿತು.

ಸಂಕೇತ ಒಳಗೆ ಹೋಗಿ ಏನು ಮಾಡುತ್ತದೆ

ಕೋಶದೊಳಗೆ ನಿಕ್ ಎಂಬ ಕಿಣ್ವ ಸದಾ ತಯಾರಾಗುತ್ತಿರುತ್ತದೆ. ಬ್ಯಾಫ್ ಇಲ್ಲದಾಗ ಟ್ರಾಫ್-3 ಎಂಬ ಪ್ರೋಟೀನು ಅದನ್ನು ಹಿಡಿದು ನಾಶಕ್ಕೆ ಒಪ್ಪಿಸುತ್ತದೆ. ಹೀಗೆ ತಯಾರಾದಷ್ಟೂ ಹಾಳಾಗುತ್ತ ಇರುತ್ತದೆ. ಬ್ಯಾಫ್ ಬಂದು ಗ್ರಾಹಕಕ್ಕೆ ಅಂಟಿದ ಕೂಡಲೇ ಗ್ರಾಹಕದ ಒಳತುದಿ ಟ್ರಾಫ್-3 ಅನ್ನು ತನ್ನತ್ತ ಎಳೆದುಕೊಳ್ಳುತ್ತದೆ ಮತ್ತು ಈ ಬಾರಿ ನಾಶವಾಗುವುದು ಟ್ರಾಫ್-3. ಕಾಟ ತಪ್ಪಿದ ನಿಕ್ ತಾನಾಗಿ ಶೇಖರವಾಗುತ್ತದೆ. ಅದು ಪಿ100 ಎಂಬ ಉದ್ದ ಪ್ರೋಟೀನನ್ನು ಪಿ52 ಎಂಬ ಗಿಡ್ಡ ಪ್ರೋಟೀನಾಗಿ ಕತ್ತರಿಸುವಂತೆ ಮಾಡುತ್ತದೆ. ಪಿ52 ಕೋಶಕೇಂದ್ರಕ್ಕೆ ಹೋಗಿ ಬದುಕಿಗೆ ಬೇಕಾದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಸಾವನ್ನು ತಡೆಯುವ ಬಣದ ಪ್ರೋಟೀನುಗಳು ಹೆಚ್ಚುತ್ತವೆ, ಮೈಟೊಕಾಂಡ್ರಿಯ ಸೋರುವುದಿಲ್ಲ.

ಹೊಸದೊಂದನ್ನು ತಯಾರಿಸುವುದರ ಬದಲು ಆಗುತ್ತಿದ್ದ ನಾಶವನ್ನು ನಿಲ್ಲಿಸುವುದೇ ಇಲ್ಲಿನ ಉಪಾಯ. ಹಾಗಾಗಿಯೇ ಈ ದಾರಿ ನಿಧಾನ, ಪರಿಣಾಮ ಕಾಣಲು ಗಂಟೆಗಳೇ ಬೇಕು, ಆದರೆ ಒಮ್ಮೆ ಶುರುವಾದರೆ ದೀರ್ಘಕಾಲ ನಡೆಯುತ್ತದೆ. ಈ ವಿವರ ಬಂದದ್ದು ಇಲಿ ಮತ್ತು ಮನುಷ್ಯರ ಕೋಶಗಳಿಂದ.

ಟ್ರೌಟ್‌ನಲ್ಲಿ ಪರೀಕ್ಷಿಸಿದ್ದು ಹೇಗೆ, ಎಲ್ಲಿ ಎಡವಬಹುದು

ಮೀನಿನ ಬ್ಯಾಫ್ ಬಗ್ಗೆ ಹೆಚ್ಚು ಕೆಲಸ ನಡೆದಿರುವುದು ಸ್ಪೇನ್‌ನಲ್ಲಿ, ಮಳೆಬಿಲ್ಲು ಟ್ರೌಟ್ ಮೀನಿನ ಮೇಲೆ. ಟ್ರೌಟ್ ಕೊಡಗಿನ ಮೀನಲ್ಲ, ತಣ್ಣೀರಿನ ಸಾಕಣೆಯ ಮೀನು. ಅದನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ, ಅದರ ಐಜಿಎಂ, ಐಜಿಟಿಗಳನ್ನು ಗುರುತಿಸುವ ಪರೀಕ್ಷಾ ಸಾಮಗ್ರಿ ಸಿದ್ಧವಿದೆ.

ವಿಧಾನ ಹೀಗೆ. ಮೀನಿನ ಗುಲ್ಮವನ್ನು ತೆಗೆದು ಜಾಲರಿಯ ಮೂಲಕ ಉಜ್ಜಿ ಬಿಡಿ ಕೋಶಗಳನ್ನು ಪಡೆಯುತ್ತಾರೆ. 51 ಶೇಕಡಾ ಪರ್ಕಾಲ್ ದ್ರಾವಣದ ಮೇಲೆ ಅದನ್ನು ನಿಧಾನವಾಗಿ ಸುರಿದು, ತಂಪಿನಲ್ಲಿ ಅರ್ಧ ಗಂಟೆ ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಭಾರದ ಕೆಂಪುಕಣಗಳು ತಳ ಸೇರುತ್ತವೆ, ಬಿಳಿಕಣಗಳು ನಡುವೆ ಪದರವಾಗಿ ನಿಲ್ಲುತ್ತವೆ. ಆ ಪದರವನ್ನು ಎತ್ತಿ ತೊಳೆದು ಗುಳಿಗಳಿರುವ ತಟ್ಟೆಯಲ್ಲಿ ಸಾಕುತ್ತಾರೆ, ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅರ್ಧ ಗುಳಿಗಳಿಗೆ ಬ್ಯಾಫ್, ಅರ್ಧಕ್ಕೆ ಬರೀ ದ್ರಾವಣ. ಒಂದೆರಡು ದಿನದ ಮೇಲೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯದಿಂದ ಐಜಿಎಂ ಇರುವ ಕೋಶಗಳನ್ನು ಗುರುತಿಸಿ, ಸತ್ತ ಕೋಶಕ್ಕೆ ಮಾತ್ರ ನುಗ್ಗುವ ಇನ್ನೊಂದು ಬಣ್ಣ ಹಾಕಿ, ಫ್ಲೋ ಸೈಟೊಮೀಟರ್ ಎಂಬ ಯಂತ್ರದಲ್ಲಿ ಒಂದೊಂದೇ ಕೋಶವನ್ನು ಎಣಿಸುತ್ತಾರೆ. ಬ್ಯಾಫ್ ಹಾಕಿದ ಗುಳಿಗಳಲ್ಲಿ ಐಜಿಎಂ ಬಿ ಕೋಶಗಳು ಹೆಚ್ಚು ಉಳಿದಿದ್ದವು. ಮೀನಿನಲ್ಲೂ ಬ್ಯಾಫ್ ಬಿ ಕೋಶವನ್ನು ಉಳಿಸುತ್ತದೆ ಎಂಬ ಮಾತಿಗೆ ಆಧಾರ ಇದು.

ಇಲ್ಲಿ ಎಡವಲು ಜಾಗ ಬೇಕಾದಷ್ಟಿದೆ. ಬ್ಯಾಫ್ ಅನ್ನು ಸಾಮಾನ್ಯವಾಗಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ತಯಾರಿಸುತ್ತಾರೆ. ಶುದ್ಧಗೊಳಿಸುವಾಗ ಆ ಬ್ಯಾಕ್ಟೀರಿಯಾದ ಹೊರಕವಚದ ಚೂರು ಉಳಿದುಬಿಟ್ಟರೆ ಬಿ ಕೋಶ ಅದಕ್ಕೇ ಪ್ರತಿಕ್ರಿಯಿಸುತ್ತದೆ, ಶ್ರೇಯ ಮಾತ್ರ ಬ್ಯಾಫ್‌ಗೆ ಹೋಗುತ್ತದೆ. ಆದ್ದರಿಂದ ಬ್ಯಾಫ್ ಇಲ್ಲದ ಬ್ಯಾಕ್ಟೀರಿಯಾದಿಂದಲೂ ಅದೇ ರೀತಿ ಶುದ್ಧಗೊಳಿಸಿದ ದ್ರಾವಣವನ್ನು ಹೋಲಿಕೆಗೆ ಇಡಬೇಕು. ಇನ್ನೊಂದು ತೊಡಕು ಎಣಿಕೆಯದು. ಕೋಶ ಹೆಚ್ಚು ಕಂಡರೆ ಅವು ಸಾಯದೆ ಉಳಿದವೋ, ಒಡೆದು ಹೆಚ್ಚಿದವೋ? ಹೊಸ ಡಿಎನ್‌ಎ ತಯಾರಾದಾಗ ಮಾತ್ರ ಸೇರಿಕೊಳ್ಳುವ ಗುರುತು ಹಾಕಿ ಎರಡನ್ನೂ ಬೇರೆ ಮಾಡಿ ನೋಡದೆ ‘ಉಳಿವು’ ಎನ್ನುವಂತಿಲ್ಲ. ಮೂರನೆಯದಾಗಿ, ಬಹಳಷ್ಟು ಅಧ್ಯಯನಗಳು ಅಳೆಯುವುದು ಬ್ಯಾಫ್ ಪ್ರೋಟೀನನ್ನಲ್ಲ, ಅದನ್ನು ತಯಾರಿಸಲು ವಂಶವಾಹಿಯಿಂದ ಬರುವ ಆದೇಶದ ಆರ್‌ಎನ್‌ಎ ಪ್ರತಿಯನ್ನು. ಆದೇಶದ ಪ್ರತಿ ಹೆಚ್ಚಿದ ಮಾತ್ರಕ್ಕೆ ಪ್ರೋಟೀನು ಅಷ್ಟೇ ಹೆಚ್ಚಿದೆ ಎಂದು ಹೇಳಲಾಗದು.

ಮನುಷ್ಯರ ಬ್ಯಾಫ್ ಗುರುತಿಸುವ ಪರೀಕ್ಷಾ ಕಿಟ್ ತಂದು ರೋಹುವಿನ ರಕ್ತಕ್ಕೆ ಹಾಕಿದರೆ ಬರುವ ಅಂಕಿಯನ್ನು ನಂಬುವಂತಿಲ್ಲ, ಪ್ರೋಟೀನಿನ ರಚನೆ ಅಷ್ಟು ಬದಲಾಗಿರುತ್ತದೆ. ಕಾವೇರಿಯ ಡುಬ್ಬದ ಮಹಶೀರ್ ವಿಷಯದಲ್ಲಿ ಇದು ಇನ್ನೂ ಕಷ್ಟ. 2018ರಲ್ಲಿ ಟಾರ್ ರೆಮಾದೇವಿ ಎಂದು ಗುರುತಾದ ಆ ಮೀನು ತೀವ್ರ ಅಳಿವಿನಂಚಿನಲ್ಲಿದೆ. ಗುಲ್ಮಕ್ಕಾಗಿ ಅದನ್ನು ಕೊಯ್ಯುವ ಮಾತೇ ಇಲ್ಲ. ಅಂಥ ಮೀನಿನಲ್ಲಿ ಸಣ್ಣ ಪ್ರಮಾಣದ ರಕ್ತದಿಂದ ತಿಳಿದಷ್ಟೇ ತಿಳಿವು.

ಹೆಚ್ಚಾದರೂ ಕೇಡು

ಉಳಿಸುವ ಸಂಕೇತ ಒಳ್ಳೆಯದು ಎಂದಮೇಲೆ ಹೆಚ್ಚು ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಬ್ಯಾಫ್ ಅತಿಯಾಗಿ ಬರುವಂತೆ ಮಾಡಿದ ಇಲಿಗಳಲ್ಲಿ ಸಾಯಬೇಕಾಗಿದ್ದ ಬಿ ಕೋಶಗಳೂ ಉಳಿದು, ಸ್ವಂತ ದೇಹದ ಮೇಲೆ ದಾಳಿ ಮಾಡುವ ಲೂಪಸ್‌ನಂಥ ಕಾಯಿಲೆ ಬಂತು. ಮನುಷ್ಯರ ಲೂಪಸ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಲಿಮುಮಾಬ್ ಎಂಬ ಔಷಧಿ ಮಾಡುವುದೇ ಬ್ಯಾಫ್ ಅನ್ನು ಕಟ್ಟಿಹಾಕುವ ಕೆಲಸ.

ಮೀನಿನಲ್ಲೂ ಇಂಥದ್ದೊಂದಿದೆ. ಟ್ರೌಟ್ ಮೀನಿಗೆ ಟೆಟ್ರಾಕ್ಯಾಪ್ಸುಲಾಯ್ಡಿಸ್ ಎಂಬ ಪರೋಪಜೀವಿ ತಗುಲಿದಾಗ ಮೂತ್ರಪಿಂಡ ವಿಪರೀತ ಊದಿಕೊಳ್ಳುತ್ತದೆ, ಬಿ ಕೋಶಗಳು ಮಿತಿಮೀರಿ ತುಂಬುತ್ತವೆ. ನೀರು 15 ಡಿಗ್ರಿ ದಾಟಿದರೆ ಕಾಯಿಲೆ ಉಲ್ಬಣಿಸುತ್ತದೆ. ಬ್ಯಾಫ್, ಏಪ್ರಿಲ್ ಸಂಕೇತಗಳು ಈ ಏರುಪೇರಿನಲ್ಲಿ ಪಾಲುಗೊಳ್ಳುತ್ತಿರುವ ಲಕ್ಷಣಗಳು 2017ರ ಅಧ್ಯಯನದಲ್ಲಿ ಕಂಡವು.

ಕಕ್ಕಡದ ಮೋಡ, ಹುತ್ತರಿಯ ಚಳಿ, ಪಲ್ಪರ್ ನೀರು

ಈಗ ಕೆರೆಗೆ ಬರೋಣ. ಮೀನಿನ ಮೈಬಿಸಿ ಎಂದರೆ ನೀರಿನ ಬಿಸಿಯೇ. ನೀರು ತಣ್ಣಗಾದರೆ ಬಿ ಕೋಶ ಒಡೆಯುವುದು, ಪ್ರತಿಕಾಯ ತಯಾರಿಸುವುದು ಎಲ್ಲವೂ ನಿಧಾನವಾಗುತ್ತವೆ. ಸಾಲ್ಮನ್, ಟ್ರೌಟ್ ಸಾಕುವವರು ಲಸಿಕೆ ಹಾಕಿದ ಮೇಲೆ ‘ಡಿಗ್ರಿ-ದಿನ’ ಲೆಕ್ಕ ಇಡುತ್ತಾರೆ, ನೀರಿನ ಉಷ್ಣತೆಯನ್ನು ದಿನಗಳಿಂದ ಗುಣಿಸಿ ಸುಮಾರು 400 ಆಗುವವರೆಗೆ ರಕ್ಷಣೆ ಬಂದಿದೆ ಎಂದು ನೆಚ್ಚುವುದಿಲ್ಲ. 20 ಡಿಗ್ರಿಯಲ್ಲಿ 20 ದಿನ, 10 ಡಿಗ್ರಿಯಲ್ಲಿ 40 ದಿನ. ಗೆಂಡೆ ಜಾತಿಯ ನಮ್ಮ ಮೀನುಗಳಿಗೆ ಇದೇ ಅಂಕಿ ಅನ್ವಯಿಸದು, ಅವು ಬೆಚ್ಚಗಿನ ನೀರಿನವು, ಚಳಿಯಲ್ಲಿ ಇನ್ನೂ ಮೊದಲೇ ಮಂಕಾಗುತ್ತವೆ. ಆದರೆ ನಿಯಮ ಅದೇ.

ಹುಣ್ಣಿನ ರೋಗ, ಅಂದರೆ ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್, ಹೆಚ್ಚಾಗಿ ಕಾಣಿಸಿಕೊಳ್ಳುವುದು ಜೋರು ಮಳೆಯಾದ ಮೇಲೆ, ನೀರು 18ರಿಂದ 22 ಡಿಗ್ರಿಗೆ ಇಳಿದಾಗ. ಭಾರತಕ್ಕೆ ಇದು ಬಂದದ್ದು 1988ರಲ್ಲಿ. ಮೂಲ ಕಾರಣ ಅಫನೊಮೈಸಿಸ್ ಇನ್ವಡನ್ಸ್ ಎಂಬ ಶಿಲೀಂಧ್ರದಂಥ ಜೀವಿ. ಮೀನಿನ ರಕ್ಷಣೆ ಮಂದವಾಗುವ ಆ ಉಷ್ಣತೆಯಲ್ಲೂ ಅದು ಆರಾಮಾಗಿ ಬೆಳೆಯಬಲ್ಲದು. ಅದು ಚರ್ಮ ಹರಿದು ಒಳಹೊಕ್ಕ ದಾರಿಯಲ್ಲೇ ಏರೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳೂ ನುಗ್ಗುತ್ತವೆ. ಶಿಲೀಂಧ್ರವನ್ನು ಸುತ್ತುವರಿದು ತಡೆಯುವುದರಲ್ಲಿ ಉರಿಯೂತದ ಕೋಶಗಳ ಪಾತ್ರ ದೊಡ್ಡದು, ಬ್ಯಾಕ್ಟೀರಿಯಾ ವಿಷಯದಲ್ಲಿ ಪ್ರತಿಕಾಯಕ್ಕೂ ಹೆಚ್ಚಿನ ಕೆಲಸ. ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾ ಈ ರೋಗವನ್ನು ತಡೆದುಕೊಳ್ಳುತ್ತವೆ, ಮೃಗಾಲ್, ಕಾಟ್ಲಾ, ರೋಹುಗಳಿಗೆ ಆ ಶಕ್ತಿ ಕಡಿಮೆ.

ಚಳಿಗಿಂತಲೂ ನೇರವಾಗಿ ಬಿ ಕೋಶವನ್ನು ಕೊಲ್ಲುವುದು ಒತ್ತಡ. ಮೀನು ಗಾಬರಿಯಾದಾಗ, ಉಸಿರು ಕಟ್ಟಿದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಅದನ್ನು ಸ್ರವಿಸುವ ಕೋಶಗಳು ಇರುವುದೂ ತಲೆ ಮೂತ್ರಪಿಂಡದಲ್ಲೇ, ಬಿ ಕೋಶಗಳು ಹುಟ್ಟುವ ಜಾಗದ ಮಗ್ಗುಲಲ್ಲೇ. 1990ರ ದಶಕದ ಕೊನೆಯಲ್ಲಿ ನೆದರ್ಲ್ಯಾಂಡ್ಸ್‌ನ ಸಂಶೋಧಕರು ಸಾಮಾನ್ಯ ಗೆಂಡೆಯಲ್ಲಿ ತೋರಿಸಿದಂತೆ, ಕಾರ್ಟಿಸಾಲ್ ಬಿ ಕೋಶಗಳನ್ನು, ಅದರಲ್ಲೂ ರೋಗಾಣುವನ್ನು ಕಂಡು ಕೆಲಸಕ್ಕೆ ಇಳಿದವನ್ನು, ಅಪಾಪ್ಟೋಸಿಸ್‌ಗೆ ತಳ್ಳುತ್ತದೆ. ಬೇಕಾದ ಹೊತ್ತಿನಲ್ಲಿ ಬೇಕಾದ ಕೋಶವೇ ಮೊದಲು ಹೋಗುತ್ತದೆ. ಈ ಇಡೀ ವಿಷಯದಲ್ಲಿ ಮೀನು ಸಾಕುವವರು ಮನಸ್ಸಿಗೆ ತಂದುಕೊಳ್ಳಲೇಬೇಕಾದ ಸಂಗತಿ ಇದು.

ಕೊಡಗಿನ ಕೆರೆಗಳಲ್ಲಿ ಒತ್ತಡ ಬರುವ ದಾರಿಗಳು ಗೊತ್ತಿರುವಂಥವೇ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯ ತಿಂಗಳಲ್ಲಿ, ವಾರಗಟ್ಟಲೆ ಮೋಡ ಮುಚ್ಚಿದಾಗ ನೀರಿನ ಪಾಚಿಗೆ ಬಿಸಿಲು ಸಾಲದೆ ಆಮ್ಲಜನಕ ಕುಸಿಯುತ್ತದೆ. ತೀರ ಕೆಳಗಿರುವುದು ಬೆಳಗಿನ ಜಾವ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಗುರುತು. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿರುವುದು ಒಳ್ಳೆಯದು. ಎರಡನೆಯದು ಹುಳಿ ನೀರು. ಇಲ್ಲಿನ ಮಣ್ಣು ಹುಳಿ, ಮಳೆ ಅದನ್ನು ಕೆರೆಗೆ ತೊಳೆದು ತರುತ್ತದೆ. ಮೂರನೆಯದು ನವೆಂಬರ್‌ನಿಂದ ಅರೇಬಿಕಾ ಕಾಫಿಯ ಕೊಯ್ಲು ಶುರುವಾದ ಮೇಲಿನ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಹೊರಬೀಳುವ ಕೊಳೆನೀರು. ಕೊಳೆತು ಹುಳಿಯಾಗಿ, ಆಮ್ಲಜನಕ ಹೀರುವ ಆ ನೀರು ಒಂದು ತೊರೆ ಹರಿದು ಬಂದರೂ ಸಾಕು, ಆಗಲೇ ಚಳಿಯಲ್ಲಿರುವ ಮೀನು ತಡೆಯದು.

ಪುಡಿ ಏನು ಮಾಡುತ್ತದೆ

ಇಮ್ಯುನಿಟಿ ಬೂಸ್ಟರ್ ಎಂದು ಸಿಗುವ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಯೀಸ್ಟ್ ಗೋಡೆಯ ಬೀಟಾ ಗ್ಲೂಕಾನ್, ಸಿ ಮತ್ತು ಇ ವಿಟಮಿನ್, ಖನಿಜಗಳು. ಬೀಟಾ ಗ್ಲೂಕಾನ್ ಶಿಲೀಂಧ್ರದ ಗೋಡೆಯಲ್ಲೂ ಇರುವ ವಸ್ತು, ಅದನ್ನು ಕಂಡರೆ ಮ್ಯಾಕ್ರೊಫೇಜ್‌ಗಳು ಚುರುಕಾಗುತ್ತವೆ. ಆದರೆ ಅದು ಬಿ ಕೋಶಕ್ಕೆ ಕೊಡುವ ಬ್ಯಾಫ್ ಅಲ್ಲ. ಬ್ಯಾಫ್ ಅನ್ನೇ ಮೇವಿನಲ್ಲಿ ಬೆರೆಸಿದರೂ ಪ್ರಯೋಜನವಿಲ್ಲ, ಬೇರೆ ಪ್ರೋಟೀನಿನಂತೆ ಅದೂ ಕರುಳಿನಲ್ಲಿ ಜೀರ್ಣವಾಗುತ್ತದೆ. ಲಸಿಕೆಯ ಜೊತೆ ಬ್ಯಾಫ್, ಏಪ್ರಿಲ್‌ಗಳನ್ನು ಚುಚ್ಚಿ ಪ್ರತಿಕಾಯ ಹೆಚ್ಚಿಸುವ ಯತ್ನಗಳು ಇಲಿಗಳಲ್ಲಿ ನಡೆದಿವೆ, ಅದು ಬೇರೆ ಮಾತು.

ಪುಡಿ ಕೊಡುವುದಾದರೆ ಕಾಲ ನೋಡಿ ಕೊಡಬೇಕು. ರೋಗದ ಕಾಲಕ್ಕೆ ಎರಡು-ಮೂರು ವಾರ ಮೊದಲು, ಅಂದರೆ ಸೆಪ್ಟೆಂಬರ್ ಕೊನೆಯಿಂದ, ನೀರು ಇನ್ನೂ ಬೆಚ್ಚಗಿದ್ದು ಮೀನು ಚೆನ್ನಾಗಿ ಮೇಯುತ್ತಿರುವಾಗ ಕೊಟ್ಟರೆ ಅರ್ಥವಿದೆ. ವರ್ಷವಿಡೀ ಕೊಡುತ್ತ ಹೋದರೆ ಪರಿಣಾಮ ಕುಗ್ಗುತ್ತದೆ. ಹುಣ್ಣು ಬಂದ ಮೀನು ಮೇವನ್ನೇ ಮುಟ್ಟುವುದಿಲ್ಲ, ಆಗ ಪುಡಿ ಮೀನಿಗೆ ಸೇರದೆ ನೀರನ್ನು ಕೆಡಿಸುತ್ತದೆ. ವಿಟಮಿನ್ ಸಿ ನೀರಿನಲ್ಲಿ ಬೇಗ ಕರಗಿ ಹಾಳಾಗುವುದರಿಂದ ಸ್ವಲ್ಪ ಎಣ್ಣೆಯಲ್ಲಿ ಕಲಸಿ ಮೇವಿಗೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಆ ದಿನವೇ ಹಾಕುವುದು ಸರಿ.

ಬಿ ಕೋಶ ಉಳಿಸುವ ಕೆಲಸ ಕೆರೆಯಲ್ಲಿ

ಸೆಂಟಿಗೆ 20ರಿಂದ 25 ಬಿತ್ತನೆ ಮರಿ ಸಾಕು. ಅದಕ್ಕಿಂತ ದಟ್ಟವಾದರೆ ಒತ್ತಡ ನಿರಂತರ. ಮರಿ ತಂದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ 15-20 ನಿಮಿಷ ಕೆರೆಯಲ್ಲಿ ತೇಲಿಬಿಟ್ಟು, ಆಮೇಲೆ ಕೆರೆ ನೀರನ್ನು ಸ್ವಲ್ಪ ಸ್ವಲ್ಪ ಚೀಲಕ್ಕೆ ಸೇರಿಸಿ ಬಿಡಬೇಕು. ಮಳೆ ಹಿಂದೆ ಸರಿದ ಮೇಲೆ, ಚಳಿ ಏರುವ ಮೊದಲು ಸುಣ್ಣ ಹಾಕಬೇಕು. ಹೆಕ್ಟೇರಿಗೆ ಸುಮಾರು 250 ಕಿಲೋ ಲೆಕ್ಕದಲ್ಲಿ ಸೆಂಟಿಗೆ ಒಂದು ಕಿಲೋ ಆಗುತ್ತದೆ, 25 ಸೆಂಟಿನ ಕೆರೆಗೆ 25 ಕಿಲೋ. ಮೊದಲು ನೀರಿನ ಹುಳಿ ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿ, 7ಕ್ಕಿಂತ ಕೆಳಗಿದ್ದರೆ ಮಾತ್ರ ಹಾಕುವುದು, ಅದನ್ನೂ ಎರಡು-ಮೂರು ಕಂತಿನಲ್ಲಿ, ನೀರಿನಲ್ಲಿ ಕದಡಿ, ಬೆಳಗಿನ ಹೊತ್ತು ಎರಚುವುದು. ಒಂದೇ ಸಲ ಸುರಿದರೆ ಪಿಎಚ್ ಧುತ್ತನೆ ಏರುತ್ತದೆ, ಆಗ ನೀರಿನಲ್ಲಿ ಕರಗಿರುವ ಅಮೋನಿಯ ವಿಷವಾಗುತ್ತದೆ, ಒತ್ತಡ ತಗ್ಗಿಸಲು ಹೋಗಿ ಹೆಚ್ಚಿಸಿದಂತಾಗುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ತೂಕ ನೋಡಲೆಂದು ಬಲೆ ಎಳೆಯುವುದನ್ನು ಬಿಟ್ಟುಬಿಡುವುದು ಲೇಸು. ಎಳೆಯಲೇಬೇಕಾದರೆ ಗಂಟಿಲ್ಲದ ನುಣುಪು ಬಲೆ, ಒದ್ದೆ ಕೈ.

ಹುಣ್ಣು ಕಂಡರೆ ಅಂದಾಜಿನ ಮೇಲೆ ಆ್ಯಂಟಿಬಯಾಟಿಕ್ ಹಾಕಬೇಡಿ, ಶಿಲೀಂಧ್ರದ ಮೇಲೆ ಅದು ಕೆಲಸ ಮಾಡುವುದಿಲ್ಲ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಈ ರೋಗಕ್ಕೆಂದೇ ಸೀಫ್ಯಾಕ್ಸ್ ಎಂಬ ದ್ರಾವಣ ಅಭಿವೃದ್ಧಿಪಡಿಸಿದೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ ಒಂದು ಲೀಟರ್ ಅದರ ಪ್ರಮಾಣ, ಅಂದರೆ ಅಷ್ಟೇ ಆಳದ 25 ಸೆಂಟಿನ ಕೆರೆಗೆ ಸುಮಾರು 100 ಮಿಲಿಲೀಟರ್. ರೋಗ ಖಚಿತವಾಗಬೇಕಾದರೆ ಸತ್ತು ತೇಲಿದ ಮೀನನ್ನು ಕಳಿಸಬೇಡಿ, ಅದರಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಬಿಟ್ಟು ಬೇರೇನೂ ಸಿಗುವುದಿಲ್ಲ. ಹೊಸದಾಗಿ ಚುಕ್ಕೆ ಬಂದ ಜೀವಂತ ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿಗೆ ಮುಟ್ಟಿಸಿ. ಅದಾಗದಿದ್ದರೆ ಹುಣ್ಣಿನ ನಡುವಿನ ಕೊಳೆತ ಭಾಗ ಬಿಟ್ಟು, ಅಂಚಿನಿಂದ, ಒಳ್ಳೆಯ ಮಾಂಸವೂ ಸೇರುವಂತೆ ಒಂದು ಸೆಂಟಿಮೀಟರ್ ತುಂಡು ಕತ್ತರಿಸಿ, ಅದರ ಹತ್ತು ಪಟ್ಟು 10 ಶೇಕಡಾ ಫಾರ್ಮಲಿನ್‌ನಲ್ಲಿ ಮುಳುಗಿಸಿ. ಬಾಟಲಿಯ ಮೇಲೆ ಮೀನಿನ ಜಾತಿ, ಹಿಡಿದ ದಿನ, ಆ ಬೆಳಗಿನ ನೀರಿನ ಉಷ್ಣತೆ ಮತ್ತು ಪಿಎಚ್ ಬರೆಯಿರಿ.